ಮೊದಲ ಮನೆಯ ಖರೀದಿ: ತಪಾಸಣೆಯಲ್ಲಿ ಕಂಡ ದೋಷಗಳನ್ನು ನಿರ್ವಹಿಸುವ ಬಗೆ

ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ತೇವಾಂಶ ನೋಡದೆ, ಶೇಂಗಾದ ಕಾಯಿ ಒಡೆದು ಪರೀಕ್ಷಿಸದೆ ದರ ಹೇಳುವ ವರ್ತಕರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಜೀವಮಾನದ ಉಳಿತಾಯವನ್ನೆಲ್ಲ ಹೂಡಿ ಮೊದಲ ಬಾರಿಗೆ ಮನೆ ಕೊಳ್ಳುವಾಗ ಗೋಡೆಯ ಹೊಸ ಬಣ್ಣ ಮತ್ತು ಮಧ್ಯವರ್ತಿಯ ಮಾತನ್ನು ನಂಬಿ ಮುಂಗಡ ನೀಡುವುದು ಸಾಮಾನ್ಯವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಖರೀದಿಗೆ ಮುನ್ನ ಏನನ್ನು ತಪಾಸಣೆ ಮಾಡಿಸಬೇಕು, ದೋಷ ಕಂಡುಬಂದಲ್ಲಿ ಹೇಗೆ ವ್ಯವಹರಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾನೂನಿನ ನಿಲುವು

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮು ಮಾರಾಟಗಾರನ ಮೇಲೆ ಒಂದು ಹೊಣೆ ಹೊರಿಸುತ್ತದೆ. ತನಗೆ ತಿಳಿದಿರುವ, ಖರೀದಿದಾರನಿಗೆ ತಿಳಿಯದಿರುವ ಹಾಗೂ ಸಾಮಾನ್ಯ ಎಚ್ಚರಿಕೆಯಿಂದ ಆತ ಪತ್ತೆ ಹಚ್ಚಲಾಗದಂತಹ ಮುಖ್ಯ ದೋಷಗಳನ್ನು ಮಾರಾಟಗಾರನು ಬಹಿರಂಗಪಡಿಸಬೇಕು. ಇದರ ಅರ್ಥವನ್ನು ಗಮನಿಸಿ: ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೆ ಕಾಣುವ ದೋಷಕ್ಕೆ ಖರೀದಿದಾರನೇ ಹೊಣೆ. ಛಾವಣಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೂ ನೋಡದೆ ಕೊಂಡವರಿಗೆ ಈ ಕಲಮಿನಿಂದ ಹೆಚ್ಚಿನ ನೆರವು ದೊರೆಯದು. ಅಲ್ಲದೆ, ಕರಾರಿನಲ್ಲಿ ಬೇರೆ ರೀತಿಯಲ್ಲಿ ಒಪ್ಪಿಕೊಂಡಿದ್ದರೆ ಈ ರಕ್ಷಣೆಯೂ ಉಳಿಯಲಾರದು. ಆದ್ದರಿಂದ "ಸ್ವತ್ತನ್ನು ಈಗಿರುವ ಸ್ಥಿತಿಯಲ್ಲಿಯೇ ಒಪ್ಪಿ ಕೊಂಡಿರುತ್ತೇನೆ" ಎಂಬಂತಹ ಸಾಲು ಕರಾರಿನಲ್ಲಿದ್ದರೆ ಅದನ್ನು ಓದದೆ ಸಹಿ ಮಾಡಬಾರದು.

ಅದೇ ಕಾಯ್ದೆಯ 3ನೆಯ ಕಲಮಿನ ಪ್ರಕಾರ ಮನೆಯಲ್ಲಿ ಬೇರೊಬ್ಬರು ವಾಸವಿದ್ದರೆ ಅವರ ಹಕ್ಕಿನ ಬಗ್ಗೆ ಖರೀದಿದಾರನಿಗೆ ತಿಳಿದಿತ್ತೆಂದೇ ಭಾವಿಸಲಾಗುತ್ತದೆ. ಬಾಡಿಗೆದಾರರನ್ನೂ ಮನೆಯಲ್ಲಿರುವ ಬಂಧುಗಳನ್ನೂ ಖುದ್ದಾಗಿ ವಿಚಾರಿಸುವುದು ತಪಾಸಣೆಯ ಭಾಗವೇ ಆಗಿದೆ.

ಬ್ಯಾಂಕಿನ ವರದಿ ಯಾರಿಗಾಗಿ?

"ಬ್ಯಾಂಕಿನವರೇ ಎಂಜಿನಿಯರ್ ಕಳುಹಿಸಿ ನೋಡಿದ್ದಾರೆ, ಇನ್ನೇನು ಚಿಂತೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಸಾಲ ವಸೂಲಿಗೆ ಸ್ವತ್ತಿನ ಬೆಲೆ ಸಾಕೇ ಎಂಬುದನ್ನು. ಕೊಳ್ಳುವವರ ಪರವಾಗಿ ಗೋಡೆ, ಬುನಾದಿ, ಛಾವಣಿಗಳನ್ನು ವಿವರವಾಗಿ ಪರೀಕ್ಷಿಸುವುದು ಅವರ ಕೆಲಸವಲ್ಲ. ನಿವೇಶನದ ಬೆಲೆಯೇ ಸಾಲಕ್ಕಿಂತ ಹೆಚ್ಚಾಗಿದ್ದರೆ ಕಟ್ಟಡ ಶಿಥಿಲವಾಗಿದ್ದರೂ ಸಾಲ ಮಂಜೂರಾಗಬಹುದು. ಆದ್ದರಿಂದ ಮಾರಾಟಗಾರರಿಗೂ ಮಧ್ಯವರ್ತಿಗೂ ಸಂಬಂಧವಿಲ್ಲದ ಸಿವಿಲ್ ಎಂಜಿನಿಯರೊಬ್ಬರನ್ನು ಸ್ವಂತ ಖರ್ಚಿನಲ್ಲಿ ನೇಮಿಸಿ ಲಿಖಿತ ವರದಿ ಪಡೆಯಬೇಕು. ಪ್ರತಿ ದೋಷದ ಪಕ್ಕದಲ್ಲಿ ದುರಸ್ತಿಯ ಅಂದಾಜು ವೆಚ್ಚ ನಮೂದಾಗಿರಬೇಕು. ಅಂಕಿ ಇಲ್ಲದ ವರದಿ ಚೌಕಾಸಿಗೂ ತೆರಿಗೆ ಕಚೇರಿಗೂ ಉಪಯೋಗವಾಗದು.

ಕಟ್ಟಡದಲ್ಲಿ ನೋಡಬೇಕಾದ ಅಂಶಗಳು

ನಮ್ಮ ಭಾಗದಲ್ಲಿ ಕೆಂಪು ಮಣ್ಣು, ಎರೆಮಣ್ಣು ಎರಡೂ ಇವೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬುನಾದಿ ಸಾಕಷ್ಟು ಆಳವಿಲ್ಲದಿದ್ದರೆ ಗೋಡೆಗಳು ಬಿರಿಯುತ್ತವೆ. ಗಾರೆಯ ಮೇಲಿನ ಕೂದಲೆಳೆಯಂತಹ ಗೆರೆಗಳಿಗೆ ಹೆದರಬೇಕಾಗಿಲ್ಲ. ಕಿಟಕಿ-ಬಾಗಿಲುಗಳ ಮೂಲೆಯಿಂದ ಓರೆಯಾಗಿ ಸಾಗುವ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕುಗಳನ್ನು ಮಾತ್ರ ಗಂಭೀರವಾಗಿ ಪರಿಗಣಿಸಬೇಕು. ಬಿರುಕಿನ ತುದಿಗಳಲ್ಲಿ ದಿನಾಂಕ ಬರೆದು ಗುರುತು ಹಾಕಿ, ಕೆಲವು ವಾರಗಳ ನಂತರ ಮತ್ತೆ ನೋಡಿದರೆ ಅದು ಬೆಳೆಯುತ್ತಿದೆಯೇ ಎಂಬುದು ತಿಳಿಯುತ್ತದೆ.

ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ-ಜಂತೆಗಳಿಗೆ ಗೆದ್ದಲು ಹತ್ತಿದೆಯೇ, ಗೋಡೆಯಲ್ಲಿ ಸೇರಿರುವ ತೊಲೆಯ ತುದಿ ಲಡ್ಡಾಗಿದೆಯೇ ಎಂದು ಪರೀಕ್ಷಿಸಬೇಕು. ಮುಂದೆ ಅಂಗಡಿ, ಹಿಂದೆ ವಾಸ ಎಂಬ ರೀತಿಯ ಕಟ್ಟಡವಾದರೆ, ಅಂಗಡಿಯ ಅಗಲ ಹೆಚ್ಚಿಸಲು ಭಾರ ಹೊರುವ ಗೋಡೆಯನ್ನು ಒಡೆದಿದ್ದಾರೆಯೇ ಎಂದು ತಪ್ಪದೆ ಕೇಳಬೇಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂಬ ಪರೀಕ್ಷೆಯೂ ನಮ್ಮ ಕಡೆಗೆ ಅಗತ್ಯ.

ದಾಖಲೆ ಮತ್ತು ಅಳತೆ

ಕ್ರಯಪತ್ರದ ಚೆಕ್ಕುಬಂದಿ, ಖಾತೆಯಲ್ಲಿನ ಅಳತೆ ಮತ್ತು ಸ್ಥಳದಲ್ಲಿ ಟೇಪು ಹಿಡಿದಾಗ ಸಿಗುವ ಅಳತೆ, ಈ ಮೂರೂ ಹೊಂದಬೇಕು. ಸಾಮಾನ್ಯ ಗೋಡೆ, ಓಣಿಗೆ ಚಾಚಿದ ಮೆಟ್ಟಿಲು, ನೆರೆಯವರ ಜಾಗಕ್ಕೆ ಬೀಳುವ ಮಾಳಿಗೆ ನೀರು ಮುಂದೆ ವ್ಯಾಜ್ಯಕ್ಕೆ ಕಾರಣವಾಗುತ್ತವೆ. ಪಟ್ಟಣ ವ್ಯಾಪ್ತಿಯಲ್ಲಿ ಇ-ಖಾತಾ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ದಾಖಲೆ ಇಲ್ಲದೆ ಮುಂಗಡ ನೀಡಬಾರದು.

ನಮ್ಮ ತಾಲ್ಲೂಕುಗಳಿಗೆ ವಿಶೇಷವಾದ ತೊಡಕೊಂದಿದೆ. ಹರಪನಹಳ್ಳಿಯು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ನಂತರ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಹೀಗಾಗಿ ಒಂದೇ ಮನೆಯ ಪತ್ರಗಳಲ್ಲಿ ಬೇರೆ ಬೇರೆ ಜಿಲ್ಲೆ, ತಾಲ್ಲೂಕುಗಳ ಹೆಸರು ಇರುವುದು ದೋಷವಲ್ಲ. ಆದರೆ ಸ್ವತ್ತು ಅದೇ ಎಂಬುದನ್ನು ಹೊಸ ಕ್ರಯಪತ್ರದ ಷೆಡ್ಯೂಲಿನಲ್ಲಿ ಸ್ಪಷ್ಟಪಡಿಸಬೇಕು. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ಸಾಮಾನ್ಯವಾಗಿ 2004ರಿಂದೀಚೆಗೆ ಮಾತ್ರ ದೊರೆಯುವುದರಿಂದ, ಅದಕ್ಕೆ ಹಿಂದಿನ ಅವಧಿಗೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಶೋಧನೆ ಮಾಡಿಸಬೇಕು.

ತುಂಗಭದ್ರಾ ಹಿನ್ನೀರಿನ ಪುನರ್ವಸತಿ ಪ್ರದೇಶಗಳಲ್ಲಿ ಹಕ್ಕುಪತ್ರದ ಷರತ್ತುಗಳನ್ನು ಓದಬೇಕು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿನಲ್ಲಿ ಬಡಾವಣೆ ಆಗಿದ್ದರೆ ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆಯು 1978ರ ಕಾಯ್ದೆಯನ್ವಯ ಅನೂರ್ಜಿತ. 2023ರ ತಿದ್ದುಪಡಿಯ ನಂತರ ಇಂತಹ ಅರ್ಜಿಗಳಿಗೆ ಕಾಲಮಿತಿಯೂ ಇಲ್ಲ. ಇದು ಬೆಲೆ ಇಳಿಸಿ ಸರಿಪಡಿಸುವ ದೋಷವಲ್ಲ. ಖರೀದಿಯನ್ನೇ ಕೈಬಿಡಬೇಕಾದ ದೋಷ.

ದೋಷ ಕಂಡಾಗ ನಾಲ್ಕು ಮಾರ್ಗಗಳು

1. ನೋಂದಣಿಗೆ ಮುನ್ನ ಮಾರಾಟಗಾರರೇ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಸುವುದು.
2. ದುರಸ್ತಿ ವೆಚ್ಚದಷ್ಟು ಬೆಲೆ ಇಳಿಸುವುದು.
3. ಖಾತೆಯ ತಿದ್ದುಪಡಿ, ಎಲ್ಲ ವಾರಸುದಾರರ ಸಹಿ ಮುಂತಾದವು ಆಗುವವರೆಗೆ ನೋಂದಣಿಯನ್ನು ಮುಂದೂಡುವುದು.
4. ವ್ಯವಹಾರದಿಂದ ಹಿಂದೆ ಸರಿಯುವುದು.

ಈ ನಾಲ್ಕೂ ಸಾಧ್ಯವಾಗಬೇಕಾದರೆ ಕ್ರಯದ ಕರಾರಿನಲ್ಲಿ ಅವಕಾಶವಿರಬೇಕು. "ಎಂಜಿನಿಯರ್ ಹಾಗೂ ವಕೀಲರ ವರದಿ ತೃಪ್ತಿಕರವಾಗಿರದಿದ್ದಲ್ಲಿ ಮುಂಗಡವನ್ನು ಇಂತಿಷ್ಟು ದಿನಗಳೊಳಗೆ ಹಿಂದಿರುಗಿಸತಕ್ಕದ್ದು" ಎಂಬ ಷರತ್ತನ್ನು ಬರೆಸಿದ ನಂತರವೇ ಹಣ ನೀಡಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನೂ ಹಿಂದಿರುಗಿಸುವುದನ್ನೂ 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವರಿಗೂ ನಷ್ಟವಿದೆ: ಖರೀದಿ ಮುರಿದಾಗ ನಗದು ಕೊಟ್ಟದ್ದಕ್ಕೆ ಪುರಾವೆ ಇರುವುದಿಲ್ಲ.

ಬೆಲೆ ಇಳಿಕೆಯ ತೆರಿಗೆ ಪರಿಣಾಮ

ಎರಡನೆಯ ಮಾರ್ಗದಲ್ಲಿ ಬಹುತೇಕರು ಗಮನಿಸದ ಅಂಶವೊಂದಿದೆ. ಮನೆಯೊಂದರ ಮಾರ್ಗಸೂಚಿ ಬೆಲೆ ರೂ. 30 ಲಕ್ಷ, ಒಪ್ಪಿದ ಬೆಲೆ ರೂ. 28 ಲಕ್ಷ ಎಂದಿರಲಿ. ವ್ಯತ್ಯಾಸ ರೂ. 2 ಲಕ್ಷ. ಈ ವ್ಯತ್ಯಾಸವು ರೂ. 50,000 ಅಥವಾ ಒಪ್ಪಿದ ಬೆಲೆಯ ಶೇ. 10 (ಇಲ್ಲಿ ರೂ. 2.80 ಲಕ್ಷ), ಇವೆರಡರಲ್ಲಿ ಹೆಚ್ಚಿನದನ್ನು ಮೀರದಿರುವುದರಿಂದ ಖರೀದಿದಾರರಿಗೆ ತೆರಿಗೆಯ ಬಾಧೆ ಇಲ್ಲ.

ತಪಾಸಣೆಯಲ್ಲಿ ಛಾವಣಿಯ ದೋಷ ಕಂಡು ಬೆಲೆಯನ್ನು ರೂ. 26 ಲಕ್ಷಕ್ಕೆ ಇಳಿಸಿದರೆ ವ್ಯತ್ಯಾಸ ರೂ. 4 ಲಕ್ಷವಾಗುತ್ತದೆ, ಮಿತಿ ರೂ. 2.60 ಲಕ್ಷ ಮಾತ್ರ. ಮಿತಿ ಮೀರಿದ ಭಾಗವಷ್ಟೇ ಅಲ್ಲ, ಪೂರ್ಣ ರೂ. 4 ಲಕ್ಷವೂ ಖರೀದಿದಾರರ ಇತರ ಮೂಲಗಳ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಶೇ. 30ರ ಹಂತದಲ್ಲಿರುವವರಿಗೆ ಸೆಸ್ ಬಿಟ್ಟು ರೂ. 1.20 ಲಕ್ಷ ತೆರಿಗೆ ಬರುತ್ತದೆ. ಮಾರಾಟಗಾರರ ಬಂಡವಾಳ ಲಾಭವನ್ನೂ ರೂ. 30 ಲಕ್ಷದ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಮುದ್ರಾಂಕ ಶುಲ್ಕದಲ್ಲಂತೂ ಉಳಿತಾಯವಿಲ್ಲ, ಏಕೆಂದರೆ ಅದು ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಇಳಿಯುವುದಿಲ್ಲ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ.

ಇಂತಹ ಸಂದರ್ಭದಲ್ಲಿ ಮೊದಲನೆಯ ಮಾರ್ಗವೇ ಲೇಸು. ಮಾರಾಟಗಾರರು ರೂ. 2 ಲಕ್ಷ ಖರ್ಚು ಮಾಡಿ ಛಾವಣಿ ಸರಿಪಡಿಸಿ ರೂ. 28 ಲಕ್ಷಕ್ಕೇ ನೋಂದಾಯಿಸಿದರೆ ಇಬ್ಬರಿಗೂ ಮೇಲಿನ ತೆರಿಗೆ ತಪ್ಪುತ್ತದೆ. ಬೆಲೆ ಇಳಿಸುವುದು ಅನಿವಾರ್ಯವಾದರೆ ಎಂಜಿನಿಯರ್ ವರದಿ ಹಾಗೂ ಛಾಯಾಚಿತ್ರಗಳನ್ನು ಜೋಪಾನವಾಗಿಡಬೇಕು. ಮಾರ್ಗಸೂಚಿ ಬೆಲೆ ನೈಜ ಬೆಲೆಗಿಂತ ಹೆಚ್ಚೆಂದು ಆಕ್ಷೇಪಿಸಿದಲ್ಲಿ ತೆರಿಗೆ ಅಧಿಕಾರಿಯು ವಿಷಯವನ್ನು ಮೌಲ್ಯಮಾಪನಾಧಿಕಾರಿಗೆ ಒಪ್ಪಿಸಲು ಅವಕಾಶವಿದೆ. ಆಗ ಈ ವರದಿಯೇ ಆಧಾರ.

ಹಣದ ಮೂಲ

ಬ್ಯಾಂಕಿನ ಮೌಲ್ಯಮಾಪನ ಕಡಿಮೆ ಬಂದಾಗಲೂ ದುರಸ್ತಿ ವೆಚ್ಚ ಹೆಚ್ಚಿದಾಗಲೂ ಕೊರತೆಯನ್ನು ಅಂಗಡಿಯ ಕ್ಯಾಷ್ ಕ್ರೆಡಿಟ್ ಖಾತೆಯಿಂದ ತುಂಬುವ ಪ್ರವೃತ್ತಿ ಇದೆ. ಬ್ಯಾಂಕು ಇದನ್ನು ದುಡಿಯುವ ಬಂಡವಾಳದ ದುರ್ಬಳಕೆ ಎಂದು ಪರಿಗಣಿಸಬಹುದು. ಆ ಮೊತ್ತದ ಮೇಲಿನ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಲೂ ಬರುವುದಿಲ್ಲ. ಸುಗ್ಗಿಯ ಕಾಲದಲ್ಲಿ ಸರಕು ಕೊಳ್ಳಲು ಹಣವಿಲ್ಲದಂತಾಗುವುದು ಇದಕ್ಕಿಂತ ದೊಡ್ಡ ಅಪಾಯ. ದುರಸ್ತಿ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಮನೆಯ ಬೆಲೆಗೆ ಸೇರಿಸಿ ಒಟ್ಟು ವೆಚ್ಚವನ್ನು ಮೊದಲೇ ಬರೆದುಕೊಳ್ಳಬೇಕು. ಅದು ಸ್ವಂತ ಉಳಿತಾಯ ಮತ್ತು ಗೃಹಸಾಲದ ಮಿತಿಯಲ್ಲಿ ಬಾರದಿದ್ದರೆ ಆ ಮನೆ ಸದ್ಯಕ್ಕೆ ನಮ್ಮದಲ್ಲ ಎಂದು ತಿಳಿಯುವುದು ವಿವೇಕ.

ತಪಾಸಣೆಯ ಖರ್ಚು ಮನೆಯ ಬೆಲೆಯ ಮುಂದೆ ಅತ್ಯಲ್ಪ. ಆದರೆ ಅದರ ಪ್ರಯೋಜನ ದೊರೆಯುವುದು ಮುಂಗಡ ಕೊಡುವ ಮೊದಲು ಮಾತ್ರ. ಆದುದರಿಂದ ಮೊದಲು ವರದಿ, ನಂತರ ಕರಾರು, ಅದರ ನಂತರ ಬ್ಯಾಂಕಿನ ಮೂಲಕ ಮುಂಗಡ ಎಂಬ ಕ್ರಮವನ್ನು ಸದಸ್ಯರು ತಪ್ಪದೆ ಅನುಸರಿಸಬೇಕು.