ಲಿವರ್‌ಗೆ ಹರಡಿದರೆ ಎಲ್ಲವೂ ಮುಗಿಯಿತೇ?

ನನ್ನ ಮಾಮೂ ಜೀವನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಆದರೂ ಅವರ ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆಗಳಿವೆ ಎಂದು ತಿಳಿದಾಗ ಮೊಹಲ್ಲಾದಲ್ಲಿ ಕೆಲವರು ಕುಡಿತದ ಮಾತನ್ನೇ ಪಿಸುಗುಟ್ಟಿದರು. ಉಳಿದವರು "ನಾಲ್ಕನೇ ಸ್ಟೇಜ್, ಇನ್ನೇನಿದೆ" ಎಂದರು. ಎರಡೂ ಸರಿಯಲ್ಲ.

ಮಾಮೂಗೆ ಬಂದಿರುವುದು ದೊಡ್ಡ ಕರುಳಿನ ಕ್ಯಾನ್ಸರ್. ಮಲದಲ್ಲಿ ರಕ್ತ ಬರುತ್ತಿದ್ದರೂ ಮೂಲವ್ಯಾಧಿ ಇರಬೇಕೆಂದು ಅವರು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಅದು ಲಿವರ್‌ಗೆ ಹರಡಿತ್ತು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳಿದರೆ ಹೆಡ್ ಆಫೀಸ್ ಕರುಳಿನಲ್ಲಿ, ಬ್ರಾಂಚ್ ಲಿವರ್‌ನಲ್ಲಿ. ಬ್ರಾಂಚಿನಲ್ಲಿರುವುದೂ ಕರುಳಿನ ಕ್ಯಾನ್ಸರ್ ಕೋಶಗಳೇ, ಹಾಗಾಗಿ ಔಷಧವೂ ಅದರದ್ದೇ. ಲಿವರ್‌ಗೇ ಏಕೆ ಹೋಯಿತು? ಉತ್ತರ ಪ್ರಥಮ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿದೆ. ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಹೋಗುತ್ತದೆ. ಗಡ್ಡೆಯಿಂದ ಕಳಚಿದ ಕೋಶಗಳೂ ಅದೇ ದಾರಿ ಹಿಡಿಯುತ್ತವೆ. ಕುಡಿಯದವರಿಗೂ ಹೀಗಾಗುತ್ತದೆ.

ಇನ್ನು ಚಿಕಿತ್ಸೆ. ಗಡ್ಡೆಗಳನ್ನೆಲ್ಲ ತೆಗೆದ ಮೇಲೂ ಸಾಕಷ್ಟು ಲಿವರ್ ಉಳಿಯುವಂತಿದ್ದರೆ ಆಪರೇಷನ್ ಮಾಡಬಹುದು. ಲಿವರ್ ಆರೋಗ್ಯವಾಗಿದ್ದರೆ ಶೇ. 20ರಿಂದ 30ರಷ್ಟು ಉಳಿದರೂ ಸಾಕು, ಉಳಿದದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಇದನ್ನು ಹೇಳಿದಾಗ ಅಮ್ಮಿ "ಸುಭಾನಲ್ಲಾಹ್" ಎಂದು ನನ್ನಿಂದ ಇನ್ನೊಂದು ಸಲ ಹೇಳಿಸಿದರು. ಉಳಿಯುವ ಭಾಗ ತೀರಾ ಚಿಕ್ಕದಾದರೆ ಡಾಕ್ಟರು ರೋಗದ ಭಾಗಕ್ಕೆ ಹೋಗುವ ಪೋರ್ಟಲ್ ನಾಳದ ಕವಲನ್ನು ಮೊದಲೇ ಮುಚ್ಚುತ್ತಾರೆ. ಆಗ ಆ ರಕ್ತ ಒಳ್ಳೆಯ ಭಾಗಕ್ಕೆ ತಿರುಗಿ ಅದು ದೊಡ್ಡದಾಗುತ್ತದೆ, ನಂತರ ಆಪರೇಷನ್. ಸುಮಾರು 3 ಸೆಂ.ಮೀ. ಒಳಗಿನ ಗಡ್ಡೆಯನ್ನು ಸೂಜಿ ಚುಚ್ಚಿ ಶಾಖದಿಂದ ಸುಡುವುದೂ ಉಂಟು.

ಗಡ್ಡೆ ದೊಡ್ಡದಿದ್ದರೆ ಮೊದಲು ಕಿಮೋ ಕೊಟ್ಟು ಕುಗ್ಗಿಸಲು ನೋಡುತ್ತಾರೆ. ಮಾಮೂಗೆ ಈಗ ನಡೆಯುತ್ತಿರುವುದು ಅದೇ, ಎರಡು ವಾರಕ್ಕೊಮ್ಮೆ ಫ್ಲೋರೋಯುರಾಸಿಲ್ ಮತ್ತು ಆಕ್ಸಾಲಿಪ್ಲಾಟಿನ್. ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರು ತಣ್ಣೀರು ಮುಟ್ಟಿದರೆ ಬೆರಳುಗಳಿಗೆ ಸೂಜಿ ಚುಚ್ಚಿದಂತಾಗುತ್ತದೆ. ಆದ್ದರಿಂದ ಮಾಮೂ ವುಝೂ ಮಾಡುವುದು ಉಗುರುಬೆಚ್ಚಗಿನ ನೀರಿನಲ್ಲಿ. ಅದನ್ನು ಕಾಯಿಸಿ ಕೊಡುವ ಕೆಲಸ ನನ್ನದು.

ಎಲ್ಲರಿಗೂ ಆಪರೇಷನ್ ಆಗುವುದಿಲ್ಲ, ಹೆಚ್ಚಿನವರಿಗೆ ಆಗುವುದೇ ಇಲ್ಲ. ಅವರಿಗೆ ರೋಗವನ್ನು ಹತೋಟಿಯಲ್ಲಿಡಲು ಕಿಮೋ ಮುಂದುವರಿಯುತ್ತದೆ. ಆಪರೇಷನ್ ಆದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ರೋಗ ಮರಳಿ ಬರುತ್ತದೆ. ಆದರೂ 100 ಜನರಲ್ಲಿ ಸುಮಾರು 40 ಜನ 5 ವರ್ಷದ ನಂತರವೂ ಬದುಕಿರುತ್ತಾರೆ. ಮರಳಿ ಬಂದಾಗ ಕೆಲವರಿಗೆ ಎರಡನೇ ಆಪರೇಷನ್ ಕೂಡ ಮಾಡುತ್ತಾರೆ. "ಇನ್ನೇನಿದೆ" ಎನ್ನುವವರಿಗೆ ನಾನು ಈ 40ನ್ನು ಹೇಳುತ್ತೇನೆ.

ಆಪರೇಷನ್ ಸಾಧ್ಯವೋ ಇಲ್ಲವೋ ಎಂಬುದನ್ನು ಲಿವರ್ ಸರ್ಜನ್ ಸ್ಕ್ಯಾನ್ ನೋಡಿ ಹೇಳಬೇಕು, ಪಕ್ಕದ ಮನೆಯವರಲ್ಲ. ಊರಿನ ಆಸ್ಪತ್ರೆಯಲ್ಲಿ ಅಂಥವರಿಲ್ಲದಿದ್ದರೆ ಸ್ಕ್ಯಾನ್ ಮತ್ತು ಬಯಾಪ್ಸಿ ರಿಪೋರ್ಟ್ ಹಿಡಿದು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಕೇಳಬಹುದು. ಹೋಗುವಾಗ ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಮರೆಯಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ.