ಜೋಡಿ ಬೇಡ, ಒಂಟಿಯೇ ಕ್ಷೇಮ!

ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದರೆ ಶಕುನ ಎನ್ನುತ್ತೇವೆ, ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುತ್ತೇವೆ. ಅಂಥ ನಮ್ಮ ಮನೆಗೇ ಈಗ ಹಲ್ಲಿಯನ್ನು ದುಡ್ಡು ಕೊಟ್ಟು ತರುವ ಕಾಲ ಬಂದಿದೆ! ಮೈತುಂಬ ಚುಕ್ಕೆಯಿರುವ, ದಪ್ಪ ಬಾಲದ ಲೆಪರ್ಡ್ ಗೆಕೊ ಹಲ್ಲಿಗಳು ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಮಕ್ಕಳ ಅಚ್ಚುಮೆಚ್ಚಿನ ಸಾಕುಪ್ರಾಣಿಗಳು. ಅಲ್ಲಿರುವ ಮೊಮ್ಮಗನ ಕೋಣೆಯಲ್ಲಿ ನೀವು ಇದನ್ನು ನೋಡಿರಬಹುದು. ಇಲ್ಲೂ ಮಕ್ಕಳು ಮೊಬೈಲ್‌ನಲ್ಲಿ ವಿಡಿಯೊ ನೋಡಿ, ‘ಅಮ್ಮಾ ಪ್ಲೀಸ್, ನಂಗೂ ಬೇಕು’ ಎಂದು ಹಟ ಹಿಡಿಯುತ್ತಿದ್ದಾರೆ.

ಹಟಕ್ಕೆ ಮಣಿದಿರಿ ಎಂದಿಟ್ಟುಕೊಳ್ಳಿ. ಆಗ ಮನೆಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ಪಾಪ, ಒಂದೇ ಇದ್ದರೆ ಬೇಜಾರಾಗುತ್ತೆ, ಜೋಡಿ ತಂದುಬಿಡೋಣ.’ ತಪ್ಪಾಗುವುದು ಇಲ್ಲೇ ನೋಡಿ. ಬೇಜಾರಾಗುವುದು ನಮಗೆ, ಹಲ್ಲಿಗಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಒಣ, ಕಲ್ಲು ನೆಲದಿಂದ ಬಂದ ಜೀವಿ ಇದು. ಮೊಟ್ಟೆಯೊಡೆದು ಹೊರಬಂದ ದಿನದಿಂದಲೇ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ತಾಯಿಯ ಆರೈಕೆಯೂ ಬೇಡ, ಒಡಹುಟ್ಟಿದವರ ಜೊತೆಯೂ ಬೇಡ.

ಪ್ರೀತಿಯಲ್ಲ, ಪೈಪೋಟಿ

ಎರಡು ಮರಿಗಳು ಒಂದರ ಮೇಲೊಂದು ಮಲಗಿದ್ದರೆ ‘ಎಷ್ಟು ಅನ್ಯೋನ್ಯವಾಗಿವೆ’ ಎಂದು ಫೋಟೊ ತೆಗೆಯುತ್ತೇವೆ. ಅವು ಹಾಗೆ ಮಲಗುವುದು ಸಾಮಾನ್ಯವಾಗಿ ಬೆಚ್ಚಗಿನ ಜಾಗಕ್ಕಾಗಿ. ಈ ಹಲ್ಲಿಗಳಿಗೆ ತಿಂದದ್ದು ಅರಗಬೇಕಾದರೆ ಹೊರಗಿನ ಶಾಖ ಬೇಕೇ ಬೇಕು. ಬಲವಾದದ್ದು ಆ ಜಾಗ ಹಿಡಿಯುತ್ತದೆ, ಮೆತ್ತಗಿನದು ತಣ್ಣನೆ ಮೂಲೆ ಸೇರುತ್ತದೆ. ಊಟದ ಹೊತ್ತಿಗೂ ಇದೇ ಕಥೆ. ಜೋರಿನದು ಎಲ್ಲ ಕಬಳಿಸಿ ಬೆಳೆಯುತ್ತದೆ, ಇನ್ನೊಂದು ಸೊರಗುತ್ತದೆ. ಓಡುವ ಹುಳು ಹಿಡಿಯುವ ಭರದಲ್ಲಿ ಪಕ್ಕದ ಮರಿಯ ಬೆರಳನ್ನೋ ಬಾಲವನ್ನೋ ಕಚ್ಚುವುದೂ ಉಂಟು. ನಾಯಿಯಾದರೆ ಕುಂಯ್ಗುಡುತ್ತದೆ, ಬೆಕ್ಕಾದರೆ ಕೂಗುತ್ತದೆ. ಇದು ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಹಾಗಾಗಿ ನೋಡಿ ತಿಳಿಯಬೇಕಾದವರು ನೀವೇ.

ಗಂಡು, ಹೆಣ್ಣಿನ ಸಮಸ್ಯೆ ಬೇರೆ. ಮರಿಯಾಗಿದ್ದಾಗ ಯಾವುದು ಏನು ಎಂದು ಅಂಗಡಿಯವರಿಗೂ ಖಚಿತವಾಗಿ ಹೇಳಲಾಗದು. ಕೆಲವು ತಿಂಗಳು ಕಳೆದ ಮೇಲೆ ಗಂಡಿಗೆ ಹಿಂಗಾಲುಗಳ ನಡುವೆ ‘ವಿ’ ಆಕಾರದ ಚುಕ್ಕೆಸಾಲು ಎದ್ದು ಕಾಣುತ್ತದೆ. ಎರಡೂ ಗಂಡಾದರೆ ರಕ್ತ ಬರುವಂತೆ ಕಾದಾಡುತ್ತವೆ. ಒಂದು ಗಂಡು, ಒಂದು ಹೆಣ್ಣಾದರೆ, ಪೂರ್ತಿ ಬೆಳೆಯದ ಹೆಣ್ಣು ಮೊಟ್ಟೆಯಿಡಲು ಶುರುಮಾಡಿ ಸುಸ್ತಾಗುತ್ತದೆ. ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ, ಒಂದೇ ಋತುವಿನಲ್ಲಿ ಹಲವು ಸಲ! ಎರಡೂ ಹೆಣ್ಣಾದರೆ ಜಗಳವಿಲ್ಲ ಎಂದುಕೊಳ್ಳಬೇಡಿ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ರಾತ್ರಿ ಕಚ್ಚಾಡುವುದೂ ಇದೆ.

ಒಂದಕ್ಕೊಂದು ಮನೆ

ಎರಡು ಮರಿ ಬಂದೇಬಿಟ್ಟರೆ ಎರಡು ಪೆಟ್ಟಿಗೆ ಮಾಡಿ. ಇದೇ ಸುರಕ್ಷಿತ ದಾರಿ. ಒಂದು ಮರಿಗೆ 20 ಇಂಚು ಉದ್ದ, 10 ಇಂಚು ಅಗಲದ ಗಾಜಿನ ಪೆಟ್ಟಿಗೆ ಸದ್ಯಕ್ಕೆ ಸಾಕು. ಬೆಳೆದ ಮೇಲೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲದ್ದು ಒಳ್ಳೆಯದು. ಪ್ರತಿ ಪೆಟ್ಟಿಗೆಯಲ್ಲೂ ಇವಿಷ್ಟು ಇರಲಿ:

* ಒಂದು ಬದಿಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25 ಡಿಗ್ರಿ ಆಸುಪಾಸು. ಹೀಟಿಂಗ್ ಪ್ಯಾಡ್‌ಗೆ ಥರ್ಮೋಸ್ಟಾಟ್ ಕಡ್ಡಾಯ, ಇಲ್ಲದಿದ್ದರೆ ಹೊಟ್ಟೆ ಸುಟ್ಟೀತು.
* ಅಡಗಲು ಮೂರು ಗೂಡು: ಬೆಚ್ಚಗಿನ ಕಡೆ ಒಂದು, ತಣ್ಣನೆ ಕಡೆ ಒಂದು, ಒದ್ದೆ ಟಿಶ್ಯೂ ಇಟ್ಟದ್ದು ಒಂದು. ತೇವ ಇದ್ದರೆ ಪೊರೆ ಸಲೀಸಾಗಿ ಕಳಚುತ್ತದೆ.
* ನೆಲಕ್ಕೆ ಹಳೇ ನ್ಯೂಸ್‌ಪೇಪರ್ ಅಥವಾ ಟಿಶ್ಯೂ. ಮರಳು ಬೇಡ, ಮರಿ ನುಂಗಿದರೆ ಹೊಟ್ಟೆ ಕಟ್ಟಿಕೊಳ್ಳುತ್ತದೆ.
* ತಗ್ಗಾದ ಬಟ್ಟಲಲ್ಲಿ ನಿತ್ಯ ಹೊಸ ನೀರು.

ಇದರ ಆಹಾರ ಜೀವಂತ ಹುಳುಗಳು ಮಾತ್ರ. ಅನ್ನ, ಹಾಲು, ತರಕಾರಿ ಆಗಿಬರುವುದಿಲ್ಲ. ಮಡಿ ಮನೆಯವರು ಮೊದಲೇ ಯೋಚಿಸಿ! ಮರಿಗೆ ದಿನವೂ, ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿಲ್ಲದ ಹುಳುಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಉಳಿದ ಹುಳುಗಳನ್ನು ತೆಗೆದುಬಿಡಿ, ರಾತ್ರಿ ಅವೇ ಹಲ್ಲಿಯನ್ನು ಕಡಿಯುತ್ತವೆ.

ಎರಡನೇ ಪೆಟ್ಟಿಗೆ ಬರಲು ಒಂದೆರಡು ದಿನ ತಡವೇ? ಅಲ್ಲಿಯವರೆಗೆ ಗಾಳಿಗೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದನ್ನಿಡಿ, ಅದಕ್ಕೂ ಬೆಚ್ಚಗಿನ ಮೂಲೆ ಇರಲಿ. ಬೇರೆ ಅಂಗಡಿಯಿಂದ ತಂದ ಹೊಸ ಮರಿಯನ್ನಂತೂ ಹಳೆಯದರ ಹತ್ತಿರ ಬಿಡಲೇಬೇಡಿ. ನೋಡಲು ಗುಂಡುಗುಂಡಗಿದ್ದರೂ ಕರುಳಿನ ರೋಗ ಹೊತ್ತು ತಂದಿರಬಹುದು.

ಈಗಾಗಲೇ ಒಟ್ಟಿಗಿದ್ದರೆ?

ಈ ಲಕ್ಷಣ ಕಂಡರೆ ಅಂದೇ ಬೇರ್ಪಡಿಸಿ:

* ಬಾಲ ತೆಳ್ಳಗಾಗುವುದು. ಕೊಬ್ಬಿನ ಉಗ್ರಾಣ ಇರುವುದೇ ಬಾಲದಲ್ಲಿ.
* ಒಂದು ದೊಡ್ಡದಾಗುತ್ತ, ಇನ್ನೊಂದು ಹಾಗೇ ಉಳಿಯುವುದು.
* ಒಂದು ಸದಾ ಮೂಲೆಯಲ್ಲೇ ಅಡಗಿರುವುದು, ಊಟಕ್ಕೂ ಬಾರದಿರುವುದು.
* ಬೆರಳು, ಬಾಲದ ತುದಿಯಲ್ಲಿ ಗಾಯ.

ಬಾಲ ಕಳಚಿ ಬಿದ್ದಿದ್ದರೆ ಗಾಬರಿ ಬೇಡ. ಮರಿಯನ್ನು ಶುದ್ಧವಾದ ಟಿಶ್ಯೂ ಹಾಸಿದ ಡಬ್ಬಿಗೆ ಬಿಡಿ. ಅರಿಶಿನ, ಕೊಬ್ಬರಿ ಎಣ್ಣೆ ಏನನ್ನೂ ಹಚ್ಚಬೇಡಿ. ಹೊಸ ಬಾಲ ಬೆಳೆಯುತ್ತದೆ, ಮೊದಲಿನಷ್ಟು ಅಂದವಾಗಿರದು ಅಷ್ಟೇ. ಗಾಯ ಊದಿಕೊಂಡರೆ, ಕೀವಾದರೆ, ಊಟ ಬಿಟ್ಟರೆ ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿಗೆ ಹೋಗಿ. ನಾಯಿ, ಬೆಕ್ಕಿನ ಎಲ್ಲ ಡಾಕ್ಟರರೂ ಹಲ್ಲಿ ನೋಡುವುದಿಲ್ಲ. ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಹಲ್ಲಿಯನ್ನೋ ಪೆಟ್ಟಿಗೆಯನ್ನೋ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇವುಗಳಿಂದ ಹರಡಬಹುದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಪೆಟ್ಟಿಗೆಯ ಸಾಮಾನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯುವುದೂ ಬೇಡ.

ತರುವ ಮುನ್ನ ಲೆಕ್ಕ ಹಾಕಿ

ಚೆನ್ನಾಗಿ ನೋಡಿಕೊಂಡರೆ ಈ ಹಲ್ಲಿ 10ರಿಂದ 20 ವರ್ಷ ಬದುಕುತ್ತದೆ. ಇಂದು ಐದನೇ ಕ್ಲಾಸಿನಲ್ಲಿರುವ ಮಗ ಹಾಸ್ಟೆಲ್‌ಗೆ ಹೋದ ಮೇಲೆ ಹುಳು ಹಾಕುವ ಕೆಲಸ ಯಾರದು? ಗೊತ್ತೇ ಇದೆಯಲ್ಲ! ಎರಡು ತಂದರೆ ಪೆಟ್ಟಿಗೆ, ಶಾಖ, ಹುಳು, ಡಾಕ್ಟರ್ ಫೀಸು ಎಲ್ಲವೂ ಎರಡೆರಡು. ಕಾಡಿನಿಂದ ಹಿಡಿದು ತಂದದ್ದನ್ನಂತೂ ಖಂಡಿತ ಕೊಳ್ಳಬೇಡಿ, ಸಾಕಿ ಬೆಳೆಸಿದ್ದೆಂಬ ದಾಖಲೆ, ಬಿಲ್ಲು ಕೇಳಿ ಪಡೆಯಿರಿ. ‘ಎರಡು ತಗೊಂಡ್ರೆ ಕಡಿಮೆಗೆ ಕೊಡ್ತೀನಿ’ ಎಂದು ಅಂಗಡಿಯವರು ಆಸೆ ಹುಟ್ಟಿಸಿದರೆ ನಕ್ಕು, ‘ಒಂದೇ ಸಾಕು’ ಎಂದುಬಿಡಿ. ಆ ಒಂದು ಮರಿ ನಿಮ್ಮ ಮನೆಯಲ್ಲಿ ಹೊಟ್ಟೆತುಂಬ ತಿಂದು, ಬಾಲ ದಪ್ಪ ಮಾಡಿಕೊಂಡು, ಯಾರ ಕಾಟವೂ ಇಲ್ಲದೆ ನೆಮ್ಮದಿಯಾಗಿರುತ್ತದೆ.