ಅಯಸ್ಕಾಂತಕ್ಕೆ ಅಂಟದ ಕಬ್ಬಿಣ

ಕೂಡ್ಲಿಗಿ ಬಿಟ್ಟು ಸಂಡೂರಿನ ಕಡೆ ಹೊರಟರೆ ಗುಡ್ಡವೆಲ್ಲ ಕೆಂಪು. ಹೆಮಟೈಟ್, ಕಬ್ಬಿಣದ ಅದಿರು. ಆದರೆ ಶುದ್ಧ ಹೆಮಟೈಟ್‌ಗೆ ಅಯಸ್ಕಾಂತ ಹಿಡಿದು ನೋಡಿ, ಅಂಟುವುದೇ ಇಲ್ಲ ಅನ್ನಬೇಕು! ಒಳಗೆ ಒಂದೊಂದು ಕಬ್ಬಿಣದ ಪರಮಾಣುವೂ ಪುಟ್ಟ ಅಯಸ್ಕಾಂತವೇ. ಒಂದು ಪದರ ಇತ್ತ ಮುಖ ಮಾಡಿದರೆ ಪಕ್ಕದ್ದು ಅತ್ತ. ಲೆಕ್ಕ ಚುಕ್ತಾ.

ಇದಕ್ಕೂ ಕಂಪ್ಯೂಟರಿಗೂ ಏನು ಸಂಬಂಧ?

ಫೋನಿನ ರ‍್ಯಾಮ್ ಮಾಹಿತಿಯನ್ನು ವಿದ್ಯುದಾವೇಶವಾಗಿ ಇಟ್ಟುಕೊಳ್ಳುತ್ತದೆ. ಅದು ಸೋರುತ್ತಲೇ ಇರುತ್ತದೆ, ಸೆಕೆಂಡಿಗೆ ಹತ್ತಾರು ಸಲ ಮತ್ತೆ ತುಂಬಬೇಕು. ಕರೆಂಟ್ ದಂಡ. ಎಂರ‍್ಯಾಮ್ ಎಂಬ ಕಾಂತೀಯ ಮೆಮೊರಿ ಹಾಗಲ್ಲ: ಹತ್ತಾರು ನ್ಯಾನೋಮೀಟರ್ ಅಗಲದ ಅಯಸ್ಕಾಂತ ಮೇಲ್ಮುಖವಾದರೆ 1, ಕೆಳಮುಖವಾದರೆ 0. ಕರೆಂಟ್ ಹೋದರೂ ನೆನಪು ಹೋಗದು. ಇದು ಆಗಲೇ ಮಾರುಕಟ್ಟೆಯಲ್ಲಿದೆ.

ಮಾಹಿತಿ ಒಯ್ಯುವ ಕೆಲಸದಲ್ಲಿ ಹೆಮಟೈಟಿನದು ಇನ್ನೂ ಲ್ಯಾಬಿನ ಮಾತು. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಹೆಮಟೈಟ್ ಹರಳಿನೊಳಗೆ ಎಲೆಕ್ಟ್ರಾನ್ ಹರಿಯದೆಯೇ ಸ್ಪಿನ್ ಅಲೆಗಳು (ಆ ಪುಟ್ಟ ಅಯಸ್ಕಾಂತಗಳ ಓಲಾಟದ ಅಲೆಗಳು) ಹತ್ತಾರು ಮೈಕ್ರೋಮೀಟರ್ ಸಾಗಿದವು. ಎಲೆಕ್ಟ್ರಾನ್ ಹರಿವೇ ಇಲ್ಲದ ಮೇಲೆ ಅದರಿಂದಾಗುವ ಬಿಸಿಯೂ ಇಲ್ಲ. (ಸಂಡೂರಿನ ಕಲ್ಲನ್ನೇ ಬಳಸಿದರು ಅಂದುಕೊಳ್ಳಬೇಡಿ, ನಮ್ಮ ಅದಿರಿನ ಹಾದಿ ತೋರಣಗಲ್ಲಿನ ಉಕ್ಕಿನ ಕುಲುಮೆ.)

ಕ್ವಾಂಟಮ್ ಕಂಪ್ಯೂಟರಿನ ಕಡೆಗೂ ಕಬ್ಬಿಣ ಕಾಲಿಟ್ಟಿದೆ. 2015ರಲ್ಲಿ ಜಪಾನಿನ ವಿಜ್ಞಾನಿಗಳು ಯಿಟ್ರಿಯಂ, ಕಬ್ಬಿಣ ಬೆರೆತ ಗಾರ್ನೆಟ್ ಗುಂಡಿನ ಕಾಂತೀಯ ಅಲೆಯನ್ನು ಆ ಕಂಪ್ಯೂಟರಿನ ಬಿಟ್ ಆದ ಒಂದು ಕ್ಯೂಬಿಟ್‌ನೊಂದಿಗೆ ಮಾತಿಗೆ ಹಚ್ಚಿದರು.